ಹಿರಿಯರ ದಿನಾಚರಣೆ: ಬಳಕೆದಾರರ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಚರ್ಚ್‌ಗಳ ಉಪಯೋಗಕ್ಕೆ. ಮಕ್ಕಳು ದುಬೈ, ಕುವೈತಿನಲ್ಲಿ, ಹೆತ್ತವರು ಹಂಚಿನ ಮನೆಯಲ್ಲಿ ಇರುವ ಊರುಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮೊದಲು ತಾರೀಕು. ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವೆಂದು ಸಾರಿದರು. ಮರಿಯಮ್ಮನವರ ಹೆತ್ತವರಾದ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ, ಅದರ ಆಸುಪಾಸಿಗೆ ಬರಲಿ ಎಂದು. ಆ ಹೊತ್ತಿಗೆ ಕರಾವಳಿಯಲ್ಲಿ ಎಂಥ ಮಳೆ ಹೊಯ್ಯುತ್ತದೆಂದು ರೋಮಿನಲ್ಲಿ ಯಾರಿಗೆ ಗೊತ್ತು! ಹಾಗಾಗಿ ಕಾಲು ಗಟ್ಟಿಯಿರುವ ಹಿರಿಯರಷ್ಟೇ ಬರುತ್ತಾರೆ. ಕಾರ್ಯಕ್ರಮಕ್ಕೆ ಅಷ್ಟು ಸಾಕು. ಮುಂದಿನ ಬೆಂಚಿನಲ್ಲಿ ಕೂರಿಸಿ, ಶಾಲು ಹೊದಿಸಿ, ಫೋಟೊ ತೆಗೆಯಿರಿ. ‘ಹಿರಿಯರೇ ನಮ್ಮ ಆಸ್ತಿ’ ಎಂದು ಭಾಷಣ ಮಾಡಿ. ಪಾಲುಪಟ್ಟಿ ಇತ್ಯರ್ಥವಾಗದ ಕುಟುಂಬ ಎದುರಿಗೇ ಕೂತಿದ್ದರೆ ಬೇರೆ ಮಾತು ಹುಡುಕಿ.

ಬಿಡಿಭಾಗಗಳು: ಹಾಸಿಗೆ ಹಿಡಿದ ಪ್ರತಿ ಹಿರಿಯರ ಹಿಂದೆ ಇನ್ನೊಬ್ಬರಿರುತ್ತಾರೆ. ಸೊಸೆ, ಮದುವೆಯಾಗದೆ ಉಳಿದ ಮಗಳು, ತಾನೇ ಎಪ್ಪತ್ತೈದು ದಾಟಿದ ಗಂಡ ಅಥವಾ ಏಜೆನ್ಸಿ ಕಳಿಸಿದ ಹೋಮ್‌ನರ್ಸ್. ಇವರು ಫೋಟೊದಲ್ಲಿ ಬರುವುದಿಲ್ಲ, ಆದ್ದರಿಂದ ಶಾಲು ಲೆಕ್ಕ ಹಾಕುವಾಗ ಬಿಟ್ಟುಬಿಡಬಹುದು.

ದೋಷ: ಸೊಸೆ ಕೆಲವು ತಿಂಗಳಿಂದ ಪೂಜೆಗೆ ಕಾಣುತ್ತಿಲ್ಲ. ಪಾಲನಾ ಮಂಡಳಿ ಸಾಮಾನ್ಯವಾಗಿ ಕೊಡುವ ಕಾರಣ: ವಿಶ್ವಾಸ ಕಡಿಮೆಯಾಗಿದೆ. ನಿಜವಾದ ಕಾರಣ: ಅತ್ತೆ ರಾತ್ರಿಯಿಡೀ ಮಲಗಲಿಲ್ಲ, ಬೆಳಿಗ್ಗೆ ಡೈಪರ್ ಬದಲಿಸಿ ಗಂಜಿ ಕುಡಿಸುವಷ್ಟರಲ್ಲಿ ಎಂಟರ ಪೂಜೆ ಮುಗಿದಿತ್ತು. ಮನೆ ಬಿಟ್ಟು ಬರಲು ಇನ್ನೊಂದು ಜೀವ ಅಲ್ಲಿಲ್ಲ.

ವಿಚಿತ್ರವೆಂದರೆ, ನಮ್ಮ ಕಣ್ಣಿಗೆ ಬೀಳದ ಈಕೆ ಕಾನೂನಿನ ಕಣ್ಣಿಗೆ ಬಿದ್ದಿದ್ದಾಳೆ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಎನ್ನುವ ನಿಯಮವಿದೆಯಲ್ಲ, 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿ ಅದರಿಂದ ವೃದ್ಧರಿಗೆ, ರೋಗಿಗಳಿಗೆ ವಿನಾಯಿತಿ ಕೊಡುತ್ತದೆ. ಅಲ್ಲಿಗೇ ನಿಲ್ಲದೆ, ಅವರನ್ನು ನೋಡಿಕೊಳ್ಳುವವರಿಗೂ ಕೊಡುತ್ತದೆ. ಗಂಜಿ ಕುಡಿಸುವವಳು ನಿಂತಲ್ಲೇ ಒಂದು ಗುಟುಕು ಕಾಫಿ ಕುಡಿದಿರುತ್ತಾಳೆಂದು ಆ ವಿಧಿ ಬರೆದವರಿಗೆ ಹೊಳೆದಿತ್ತು. ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರಿಗೆ ಇನ್ನೂ ಹೊಳೆದಿಲ್ಲ.

ಹಾಗಾಗಿ ಧರ್ಮಗುರುಗಳಿಗೆ ಒಂದು ಸೂಚನೆ: ರೋಗಿಯ ಮನೆಗೆ ಪ್ರಸಾದ ಒಯ್ಯುವಾಗ ಒಂದನ್ನಲ್ಲ, ಎರಡನ್ನು ಒಯ್ಯಿರಿ. ‘ಅಮ್ಮ ಹೇಗಿದ್ದಾರೆ?’ ಎಂದು ಕೇಳಿದ ಮೇಲೆ, ಮೇಣದಬತ್ತಿ ಹಚ್ಚಿ ಬದಿಗೆ ಸರಿದು ನಿಂತವಳಿಗೂ ‘ನೀನು ಹೇಗಿದ್ದೀ?’ ಎಂದು ಕೇಳಿ, ಉತ್ತರ ಮುಗಿಯುವ ತನಕ ಗಡಿಯಾರ ನೋಡಬೇಡಿ.

ಉಳಿದವರಿಗೆ: ಶಾಲಿನ ದುಡ್ಡು ಉಳಿಸಿ. ಪ್ರತಿ ವಾಳೆಯಲ್ಲಿ ಇಂಥ ಮನೆಗಳು ಯಾವುವೆಂದು ಬರೆದುಕೊಂಡು, ಸರದಿಯ ಮೇಲೆ ಭಾನುವಾರ ಎರಡು ಗಂಟೆ ಹೋಗಿ ಕೂರಿ. ಆಕೆ ಪೂಜೆಗೆ ಹೋಗಲಿ, ಇಲ್ಲವೇ ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ, ಅದು ಅವಳ ಇಷ್ಟ. ಹೊರಡುವ ಮುಂಚೆ ಫೋನ್ ಮಾಡಿ. ಹಣ್ಣಿನ ಬುಟ್ಟಿ ಬೇಡ. ಅಲ್ಲಿ ಹೋಗಿ ಕಾಫಿಯನ್ನಂತೂ ಕೇಳಬೇಡಿ.