ಮಡಿಕೋಲಿನ ಭೌತಶಾಸ್ತ್ರ

ಸಂಪರ್ಕಬಲ, ಸಂಪರ್ಕರಹಿತ ಬಲ ಎಂಬ ಭೇದವನ್ನು ಪಠ್ಯಪುಸ್ತಕಗಳು ನೂಕುವ ಗಾಡಿ, ಉರುಳುವ ಚೆಂಡು ಮೊದಲಾದ ನೀರಸ ನಿದರ್ಶನಗಳಿಂದ ಬೋಧಿಸುತ್ತವೆಯೇ ಹೊರತು, ಮುಟ್ಟುವ ಮುಟ್ಟದಿರುವ ವಿಚಾರದಲ್ಲಿ ಪರಮಪ್ರಮಾಣವೆನಿಸಿದ್ದ ನಮ್ಮ ಸೋದರತ್ತೆಯವರ ಮಡಿಯನ್ನು ಉದಾಹರಿಸುವ ಧೈರ್ಯವನ್ನು ಯಾವ ಗ್ರಂಥಕರ್ತನೂ ತೋರಿದಂತಿಲ್ಲ.

ಹಿಂಡಿದ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ, ಜಂತೆಯಿಂದ ಎರಡು ಹಗ್ಗಗಳಲ್ಲಿ ಇಳಿಬಿಟ್ಟಿದ್ದ ಬಿದಿರ ಗಳುವಿನ ಮೇಲೆ, ಒಂದು ಸುಕ್ಕೂ ಉಳಿಯದಂತೆ ಅವರು ಹರವುತ್ತಿದ್ದ ಕೈಚಳಕವನ್ನು ಕಂಡೇ ತಿಳಿಯಬೇಕು. ಕೋಲು ಸೀರೆಯನ್ನೆತ್ತುವುದು, ಅದು ಜಾರದಂತೆ ಗಳುವಿನ ಘರ್ಷಣೆ ಹಿಡಿಯುವುದು, ಗಳುವಿನ ಭಾರವನ್ನು ಹಗ್ಗದ ಬಿಗಿತ ತಾಳುವುದು, ಇವೆಲ್ಲವೂ ಸಂಪರ್ಕಬಲಗಳು. ಅಂಚಿನಲ್ಲಿ ಕೂಡಿದ ನೀರು ತೊಟ್ಟಿಕ್ಕಿ, ಕೆಳಗೆ ಕುಳಿತು ಲೆಕ್ಕ ಮಾಡುತ್ತಿದ್ದ ನನ್ನ ಪುಸ್ತಕದ ಶಾಯಿಯನ್ನು ಕದಡುತ್ತಿದ್ದುದು ಮಾತ್ರ, ಯಾರನ್ನೂ ಮುಟ್ಟದೆ ಎಲ್ಲರನ್ನೂ ಎಳೆಯುವ ಗುರುತ್ವಾಕರ್ಷಣೆಯ ಕೃಪೆ. ಅದೇ ಕೋಲನ್ನು ಅತ್ತೆಯವರು ಅಡುಗೆಮನೆಯ ಹೊಸ್ತಿಲಿನಿಂದ ತುಸು ಎತ್ತಿ ತೋರಿಸಿದರೆ ಸಾಕು, ಪಡಸಾಲೆಯ ಹುಡುಗರೆಲ್ಲ ತಮಗರಿವಿಲ್ಲದೆಯೇ ಅಂಗಳಕ್ಕೆ ಸರಿಯುತ್ತಿದ್ದೆವು. ಬಲವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದೆಂದು 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಸಾಧಿಸಿದ್ದನಷ್ಟೆ; ಈ ಬಲಕ್ಕೆ ಆ ರಿಯಾಯಿತಿಯೂ ಇರಲಿಲ್ಲ.

ಪಾಪ, ಆ ನ್ಯೂಟನ್ನನೂ ಮುಟ್ಟದೆ ಎಳೆಯುವ ಈ ವ್ಯಾಪಾರವನ್ನು ಮನಸಾರೆ ಒಪ್ಪಿದವನಲ್ಲ. ನಡುವೆ ಯಾವ ಮಧ್ಯವರ್ತಿಯೂ ಇಲ್ಲದೆ ಬರಿಯ ಶೂನ್ಯದ ಮೂಲಕ ಒಂದು ವಸ್ತು ಇನ್ನೊಂದನ್ನು ಸೆಳೆಯುವುದೆಂಬುದು ವಿಚಾರವಂತರು ನಂಬತಕ್ಕ ಮಾತೇ ಅಲ್ಲವೆಂದು 1693ರಲ್ಲಿ ಬೆಂಟ್ಲಿ ಎಂಬ ಪಾದ್ರಿಗೆ ಕಾಗದ ಬರೆದನು. ಆದರೆ ನಮ್ಮ ಕಾಲದ ಪರಮಾಣುಶಾಸ್ತ್ರಜ್ಞರು ಹೇಳುವುದು ಇನ್ನೂ ವಿಚಿತ್ರ: ಕೈ ಮೇಜಿನ ಮೇಲೆ ಊರಿದಾಗಲೂ, ಕೈಯ ಪರಮಾಣುಗಳ ಎಲೆಕ್ಟ್ರಾನುಗಳು ಮೇಜಿನ ಎಲೆಕ್ಟ್ರಾನುಗಳನ್ನು ಸಮೀಪಕ್ಕೆ ಬರಗೊಡದೆ ದೂಡುತ್ತಿರುತ್ತವೆಯಂತೆ, ನಾವು ಸ್ಪರ್ಶವೆನ್ನುವುದು ಈ ದೂಡಾಟವನ್ನೇ. ಅಂದಮೇಲೆ ಪ್ರಪಂಚದ ಕಣಕಣವೂ ಮಡಿಯುಟ್ಟೇ ಇದೆ!

ಈ ಸುವಾರ್ತೆಯನ್ನು ಹೊತ್ತು, ಕಾಲೇಜಿನ ಮೊದಲ ರಜೆಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅತ್ತೆ, ಇನ್ನು ಯೋಚನೆಯಿಲ್ಲ, ಯಾರೂ ಯಾರನ್ನೂ ಮುಟ್ಟಲು ಸಾಧ್ಯವೇ ಇಲ್ಲ” ಎಂದು ಸವಿಸ್ತಾರವಾಗಿ ನಿರೂಪಿಸಿದೆನು. ಅವರು ಹೆಸರುಬೇಳೆ ಆರಿಸುವುದನ್ನು ನಿಲ್ಲಿಸದೆ, ಕೊನೆಯವರೆಗೂ ಕೇಳಿ, “ಹಾಗಾದರೆ ನೀರೂ ಮೈಗೆ ತಾಗುವುದಿಲ್ಲ ಅನ್ನು. ಬೆಳಿಗ್ಗೆ ನೀನು ಮಾಡಿದ್ದು ಸ್ನಾನವೇ ಅಲ್ಲ. ಹಂಡೆಯಲ್ಲಿ ಇನ್ನೂ ನೀರಿದೆ, ಹೋಗು” ಎಂದರು.