ಏನಿಲ್ಲ, ಅದು ಹಾಗೇ

ಅಮೆರಿಕದ ಹೆದ್ದಾರಿಗಳಲ್ಲಿ ಬೇಸಗೆ ರಜೆಯ ದಿನಗಳಲ್ಲಿ ಕಾಣಸಿಗುವ ಗೃಹಸ್ಥರ ಪೈಕಿ ಟ್ರೇಲರ್ ಯಜಮಾನನೆಂಬ ಪ್ರಭೇದವು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ಟ್ರಾವೆಲ್ ಟ್ರೇಲರ್ ಎಂದರೆ ಸ್ವಂತ ಎಂಜಿನ್ನಿಲ್ಲದೆ, ಅಡುಗೆಮನೆ, ಮಂಚ, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡು, ಪಿಕಪ್ ಟ್ರಕ್ಕಿನ ಹಿಂಬದಿಯ ಉಕ್ಕಿನ ಗುಂಡಿಗೆ ತಗುಲಿಕೊಂಡು ಎಳೆಸಿಕೊಳ್ಳುವ ಗಾಲಿಯ ಮನೆ. ಅದರ ಯಜಮಾನನೆಂದರೆ ಆ ಮನೆಯ ಯಾವ ಮೂಲೆಯಿಂದ ಎಂಥ ಶಬ್ದ ಬಂದರೂ ತಿರುಗಿ ನೋಡದೆ 'ಏನಿಲ್ಲ, ಅದು ಹಾಗೇ' ಎಂದು ತೀರ್ಪು ಕೊಡಬಲ್ಲವನು. ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವ ಮಾದರಿಯು ದಾವಣಗೆರೆಯಿಂದ ಹೋಗಿ ಲಾಸ್ ಏಂಜಲೀಸಿನ ಬಳಿ ನೆಲೆಸಿದ, ಸಾಫ್ಟ್‌ವೇರ್ ವೃತ್ತಿಯದಾಗಿದೆ.

ಈ ಯಜಮಾನನಿಗೆ ಒಬ್ಬ ಆದಿಪುರುಷನಿದ್ದಾನೆ. ಏರ್‌ಸ್ಟ್ರೀಮ್ ಎಂಬ ಬೆಳ್ಳಿ ಬಣ್ಣದ ಟ್ರೇಲರುಗಳ ನಿರ್ಮಾತೃವಾದ ವ್ಯಾಲಿ ಬೈಯಮ್ 1959ರಲ್ಲಿ 41 ಟ್ರೇಲರುಗಳ ದಂಡು ಕಟ್ಟಿಕೊಂಡು ಕೇಪ್‌ಟೌನಿನಿಂದ ಕೈರೋವರೆಗೆ ಆಫ್ರಿಕವನ್ನು ಉದ್ದಕ್ಕೆ ಅಳೆಯಲು ಹೊರಟವನು. ರಸ್ತೆಯಲ್ಲಿ ಗುಂಡಿ ಸಿಕ್ಕಾಗಲೆಲ್ಲ ಯಜಮಾನನು ಈ ಪುರಾಣವನ್ನು ಸ್ಮರಿಸುತ್ತಾನೆ, ತನ್ನದು ಏರ್‌ಸ್ಟ್ರೀಮ್ ಅಲ್ಲ, ಮೂರನೆಯ ಕೈಯಿಂದ ಬಂದ ಮಾಲು ಎಂಬುದನ್ನು ಸ್ಮರಿಸುವುದಿಲ್ಲ. ಆತನ ಹೆಂಡತಿಯ ಪ್ರಮಾಣಗ್ರಂಥವೇ ಬೇರೆ. ಅದು 1954ರ 'ದಿ ಲಾಂಗ್, ಲಾಂಗ್ ಟ್ರೇಲರ್' ಎಂಬ ಹಾಸ್ಯಚಿತ್ರ. ಅದರಲ್ಲಿ ಹೊಸ ಮದುವಣಗಿತ್ತಿಯು ಹೋದಲ್ಲೆಲ್ಲ ಕಲ್ಲು ಆಯ್ದು ಟ್ರೇಲರಿಗೆ ತುಂಬಿ ಬೆಟ್ಟದ ದಾರಿಯಲ್ಲಿ ಗಂಡನ ಪ್ರಾಣಕ್ಕೆ ತರುತ್ತಾಳೆ. ಇವರ ಟ್ರೇಲರಿನಲ್ಲಿ ಅಂಥ ಕಲ್ಲುಗಳಿಲ್ಲ. ವೆಟ್ ಗ್ರೈಂಡರ್ ಇದೆ, ಅದರೊಳಗಿರುವುದೂ ಕಲ್ಲೇ.

ಆದರೆ ಈ ಪ್ರಭೇದದ ಮುಖ್ಯ ಲಕ್ಷಣ ಶಬ್ದಮೀಮಾಂಸೆ. 2022ರ ಜುಲೈ ತಿಂಗಳಲ್ಲಿ ಈ ಕುಟುಂಬವು ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಯಜಮಾನನ ಅಕ್ಕನ ಗಂಡ, ಮೈಸೂರಿನ ಒಬ್ಬ ನಿವೃತ್ತ ಅಧ್ಯಾಪಕ, ಕುಳಿತಿದ್ದನು. ಈ ಅಧ್ಯಾಪಕನ ಬಗ್ಗೆ ಪ್ರಸ್ತುತ ಬರಹಕ್ಕೆ ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಲಭ್ಯವಿದೆಯಾದರೂ ಅದನ್ನು ಸಂಯಮದಿಂದ ಬಳಸಲಾಗುವುದು. ಬಾರ್‌ಸ್ಟೋ ದಾಟಿ ಮೊಹಾವಿ ಮರುಭೂಮಿಯಲ್ಲಿ ಸಾಗುತ್ತಿದ್ದಾಗ ಹಿಂದಿನಿಂದ ಪಟಪಟವೆಂಬ ಸದ್ದು ಕೇಳಿಸತೊಡಗಿತು; ಅಧ್ಯಾಪಕನು ಅದನ್ನು ಎರಡು ಸಲ ನಿವೇದಿಸಿದನು; ಎರಡು ಸಲವೂ 'ಏನಿಲ್ಲ ಭಾವ, ಅದು ಹಾಗೇ' ಎಂಬ ತೀರ್ಪು ಹೊರಬಿದ್ದಿತು. ಎರಡು ಆಕ್ಸಲುಗಳ ಟ್ರೇಲರಿನಲ್ಲಿ ಒಂದು ಟೈರು ಒಡೆದರೂ ಪಕ್ಕದ ಟೈರು ಅದರ ಭಾರವನ್ನೂ ಹೊತ್ತು ಸಾಗುವುದರಿಂದ ಟ್ರಕ್ಕಿನಲ್ಲಿ ಕುಳಿತ ಚಾಲಕನಿಗೆ ಎಷ್ಟೋ ಸಲ ಏನೂ ತಿಳಿಯುವುದಿಲ್ಲ. ಅಷ್ಟರಲ್ಲಿ ಹರಿದ ರಬ್ಬರಿನ ಪಟ್ಟಿಯು ಚಾವಟಿಯಂತೆ ಮಡ್‌ಗಾರ್ಡನ್ನೂ ಒಳಗಿನ ವೈರುಗಳನ್ನೂ ಬಾರಿಸುತ್ತಾ ಹೋಗುತ್ತದೆ. ಝೈಝಿಕ್ಸ್ ಎಂಬ, ಕನ್ನಡ ಕಾಗುಣಿತಕ್ಕೇ ಸವಾಲಾದ ಹೆಸರಿನ ತಿರುವಿನ ಬಳಿ ಪಕ್ಕಕ್ಕೆ ಬಂದ ಲಾರಿಯವನು ಹಾರ್ನ್ ಹೊಡೆದು ಹಿಂದಕ್ಕೆ ಕೈ ತೋರಿಸಿದಾಗ ಯಜಮಾನನು 'ಇಲ್ಲಿನ ಜನ ಬಹಳ ಸ್ನೇಹಜೀವಿಗಳು' ಎಂದು ತಾನೂ ಕೈ ಬೀಸಿದನು. ಮಡ್‌ಗಾರ್ಡೇ ಕಳಚಿ ರಸ್ತೆಗೆ ಬಿದ್ದ ಮೇಲಷ್ಟೇ ಗಾಡಿ ನಿಂತಿತು.

ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಸೂಚಿಸುತ್ತವೆ. ಇಲ್ಲಿದ್ದದ್ದು 2314, ಅಂದರೆ 2014ರ ಇಪ್ಪತ್ತಮೂರನೆಯ ವಾರ. ಟ್ರೇಲರ್ ಟೈರು ಓಡಿ ಸವೆಯುವುದಕ್ಕಿಂತ ಮನೆ ಮುಂದೆ ಬಿಸಿಲಲ್ಲಿ ನಿಂತು ಮುದಿಯಾಗುವುದೇ ಹೆಚ್ಚಾದ್ದರಿಂದ ಐದಾರು ವರ್ಷಕ್ಕೆ ಅದನ್ನು ಬದಲಿಸುವುದು ತಿಳಿದವರ ರೂಢಿ. 'ಹೊಸದರ ಹಾಗೇ ಇದೆ ನೋಡಿ ಭಾವ' ಎಂದು ಯಜಮಾನನು ಒಡೆದ ಟೈರಿನಲ್ಲಿ ಉಳಿದಿದ್ದಷ್ಟನ್ನು ತೋರಿಸಿದನು. ಸ್ಟೆಪ್ನಿ ಅದರ ಅವಳಿಯಾಗಿತ್ತು. ಟ್ರೇಲರಿನ ಮೂಲೆಗಳಲ್ಲಿರುವ ಇಳಿಗಾಲುಗಳು ನಿಂತ ಮನೆ ಅಲುಗದಿರಲು ಮಾತ್ರ, ಭಾರ ಎತ್ತಲು ಅಲ್ಲ ಎಂಬುದನ್ನು ಬಲ್ಲ ಆತನು ಒಳ್ಳೆಯ ಗಾಲಿಯನ್ನು ದಿಮ್ಮಿಯ ಮೇಲೆ ಹತ್ತಿಸಿ ಒಡೆದ ಗಾಲಿಯನ್ನು ನೆಲದಿಂದ ಬಿಡಿಸಿದ ಕೌಶಲ ಮೆಚ್ಚತಕ್ಕದ್ದೇ. ಎರಡು ಪೆಟ್ಟಿಗೆ ತುಂಬ ಇದ್ದ ಹತ್ಯಾರಗಳಲ್ಲಿ ಟ್ರೇಲರಿನ ನಟ್ಟಿಗೆ ಹೊಂದುವ ಸಾಕೆಟ್ ಒಂದು ಬಿಟ್ಟು ಎಲ್ಲವೂ ಇದ್ದವು ಎಂಬುದು ಬೇರೆ ಮಾತು. ನೆರವಿನ ಕಂಪನಿಯೊಂದಕ್ಕೆ ಫೋನು ಮಾಡಿ ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ, ಚಂದಾ ಸಂದಿರುವುದು ಟ್ರಕ್ಕಿಗೆ, ಟ್ರೇಲರಿಗಲ್ಲ ಎಂಬುದು ಗೊತ್ತಾಯಿತು. ಈ ಅವಧಿಯಲ್ಲಿ ಅಧ್ಯಾಪಕನ ಕೊಡುಗೆಯನ್ನೂ ದಾಖಲಿಸಬೇಕು: ಆತನು ಛತ್ರಿ ಹಿಡಿದಿದ್ದನು, 'ಆಗಲೇ ಹೇಳಿದೆ' ಎಂಬ ವಾಕ್ಯವನ್ನು ಏಳು ಸಲ ಪ್ರಯೋಗಿಸಿದನು, ಮತ್ತು ಛತ್ರಿಯ ನೆರಳು ಬಹುಪಾಲು ಆತನ ಮೇಲೆಯೇ ಬೀಳುತ್ತಿದ್ದಿತು.

ದಾರಿಹೋಕ ಕುಟುಂಬವೊಂದು ನಿಲ್ಲಿಸಿ ಸಾಕೆಟ್ ಕೊಟ್ಟಿತು. ಕೊನೆಯ ನಟ್ಟು ಕೂರುವ ಹೊತ್ತಿಗೆ ಸಂಜೆ ಐದೂವರೆಯಾಗಿದ್ದು, ಹನ್ನೆರಡೂವರೆ ಗಂಟೆ ಮುಂದಿರುವ ದಾವಣಗೆರೆಯಲ್ಲಿ ಎದ್ದು ಬಾಗಿಲಿಗೆ ನೀರು ಹಾಕಿ ಬಂದ ಯಜಮಾನನ ತಾಯಿ ದಿನದ ವಾಡಿಕೆಯಂತೆ ಫೋನು ಮಾಡಿದರು. ಲಾರಿಗಳ ಭೋರ್ಗರೆತ ಆ ತುದಿಗೂ ಕೇಳಿಸಿರಬೇಕು. 'ಏನಪ್ಪಾ ಅದು ಸದ್ದು?' ಎಂಬ ಪ್ರಶ್ನೆಗೆ, ಮೊಣಕೈವರೆಗೆ ಕಪ್ಪಾಗಿದ್ದ ಮಗನು 'ಏನಿಲ್ಲಮ್ಮ, ಕಾಫಿಗೆ ನಿಲ್ಲಿಸಿದೀವಿ' ಎಂದನು. ಆ ಧ್ವನಿ ಅಧ್ಯಾಪಕನಿಗೆ ಹೊಸದಲ್ಲ. ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕುಳಿತಾಗಲೂ, ಮಗುವಿಗೆ ಜ್ವರ ಬಂದು ಆಸ್ಪತ್ರೆಯ ಮೊಗಸಾಲೆಯಿಂದ ಮಾತಾಡಿದಾಗಲೂ ದಾವಣಗೆರೆಗೆ ತಲುಪಿದ್ದು ಇದೇ 'ಏನಿಲ್ಲ'. ದೂರ ಹೋದವರು ಮೊದಲು ರೂಢಿಸಿಕೊಳ್ಳುವ ಕನ್ನಡ ಪದ ಇದಾಗಿದ್ದು, ಇಪ್ಪತ್ತು ವರ್ಷ ತಾಯಿಗೆ ಹೇಳಿದ್ದನ್ನು ಗಾಲಿಗೂ ಹೇಳುವುದು ಅಭ್ಯಾಸಬಲವೆಂದೇ ತೋರುತ್ತದೆ. ಅಧ್ಯಾಪಕನು ಎಂಟನೆಯ 'ಆಗಲೇ ಹೇಳಿದೆ'ಯನ್ನು ನುಂಗಿಕೊಂಡನು. ಛತ್ರಿಯನ್ನು ಒಂದು ಮೊಳ ಆಚೆ ಸರಿಸಿದನೆಂದೂ ತಿಳಿದುಬರುತ್ತದೆ.

134 ಅಡಿ ಎತ್ತರದ ಉಷ್ಣಮಾಪಕ ಕಂಬಕ್ಕೆ ಹೆಸರಾದ ಬೇಕರ್ ಎಂಬ ಊರಿನಲ್ಲಿ ಹೊಸ ಟೈರು, ಅದರೊಂದಿಗೆ ಸಾಕೆಟ್ಟೂ ದೊರೆಯಿತು. ಗಾಲಿ ಬದಲಿಸಿದ ಮೇಲೆ 10, 25 ಮತ್ತು 50 ಮೈಲಿ ಸಾಗಿದಾಗ ನಿಂತು ಟಾರ್ಕ್ ರೆಂಚಿನಿಂದ, ಎಂದರೆ ಬಿಗಿತವು ನಿಗದಿತ ಮಟ್ಟ ಮುಟ್ಟಿದೊಡನೆ 'ಟಕ್' ಎನ್ನುವ ಪಾನಾದಿಂದ, ನಟ್ಟುಗಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಮೂರನೆಯ ನಿಲುಗಡೆ ನೆವಾಡದ ಗಡಿಯ ಬಳಿ, ಕತ್ತಲಲ್ಲಿ ಆಯಿತು. ಅಧ್ಯಾಪಕನು ಮಂಡಿನೋವಿನ ನೆಪ ಬಿಟ್ಟು ಟಾರ್ಚ್ ಹಿಡಿದು ಕುಕ್ಕುರುಗಾಲಲ್ಲಿ ಕುಳಿತು ಏನನ್ನೋ ಹೇಳಹೊರಟಾಗ ಯಜಮಾನನು ಎಡಗೈ ಎತ್ತಿ ತಡೆದನು. 'ಸ್ವಲ್ಪ ಸುಮ್ನಿರಿ ಭಾವ, ಕೇಳಿಸ್ಲಿ.' ಆರು ನಟ್ಟುಗಳೂ ಒಂದೊಂದಾಗಿ ಟಕ್ ಎಂದವು.