ಭುಜವನ್ನು ಮತ್ತೆ ಮತ್ತೆ ತಪ್ಪಿಸಿಕೊಳ್ಳುವ ವಿಧಾನ: ಕಬ್ಬೂರ ಸೀಮೆಯ ಬಳಕೆದಾರರಿಗೆ

ಬೇಕಾಗುವ ಸಾಮಗ್ರಿ: ಇಪ್ಪತ್ತು ತುಂಬದ ಒಬ್ಬ ಹುಡುಗ, ಜಾತ್ರೆಯ ಕಬಡ್ಡಿ ಅಂಕಣ, ಸುತ್ತ ನಾಲ್ಕೈದು ಮಂದಿ ತಿಳಿದವರು. ಹುಡುಗ ಸಿಗದಿದ್ದರೆ ಗರಡಿಯ ಪೈಲ್ವಾನ ಆದೀತು, ಕಬ್ಬಿನ ಹೊರೆ ಹೊತ್ತು ಟ್ರೇಲರ್ ಏರುವ ಆಳೂ ಆದೀತು. ಆದರೆ ವಯಸ್ಸು ಕಡಿಮೆಯಿದ್ದಷ್ಟೂ ಫಲ ಖಚಿತ. ಹರೆಯದಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವ ಸಂಭವ ಬಹಳ ಹೆಚ್ಚು. ನಲವತ್ತು ದಾಟಿದವರಲ್ಲಿ ಅದು ಇಳಿಯುತ್ತದೆ. ಅವರಿಗೆ ತೋಳೆತ್ತುವ ಸ್ನಾಯುಗಳ ನಾರು ಹರಿಯುವ ಬೇರೆಯೇ ಯೋಗವಿದೆ.

ಪ್ರಾರಂಭಿಸುವುದು ಸುಲಭ. ರೈಡಿಗೆ ಹೋಗಿ. ತಿರುಗಿ ಬರುವಾಗ ತೋಳು ಮೇಲಕ್ಕೂ ಹಿಂದಕ್ಕೂ ಚಾಚಿರಲಿ. ಅದೇ ಗಳಿಗೆಯಲ್ಲಿ ಎದುರಾಳಿ ಮುಂಗೈ ಹಿಡಿದು ಜಗ್ಗಲಿ. ತೋಳೆಲುಬಿನ ತಲೆ ಮುಂದಕ್ಕೆ ಜಾರಿ ಕೆಳಗಿಳಿಯುತ್ತದೆ. ನೂರಕ್ಕೆ ತೊಂಬತ್ತೈದರಷ್ಟು ಭುಜಗಳು ತಪ್ಪುವುದು ಮುಂದಕ್ಕೇ. ಹಿಂದಕ್ಕೇ ತಪ್ಪಬೇಕೆಂಬ ಹಟವಿದ್ದವರಿಗೆ ಮೂರ್ಛೆಯ ಸೆಳೆತವೋ ಪಂಪ್‌ಸೆಟ್ಟಿನ ಕರೆಂಟೋ ಬೇಕಾದೀತು.

ಯಂತ್ರದ ರಚನೆ: ರೊಟ್ಟಿ ಹಂಚಿನ ಮೇಲೆ ತೆಂಗಿನಕಾಯಿ ಇಟ್ಟರೆ ಹೇಗೋ ಹಾಗಿದೆ ಈ ಕೀಲು. ಗುಂಡು ದೊಡ್ಡದು, ಕುಳಿ ಸಣ್ಣದು, ಆಳವೂ ಇಲ್ಲ. ಅದಕ್ಕೇ ತೋಳು ಎತ್ತ ಬೇಕಾದರೂ ತಿರುಗುತ್ತದೆ. ಕುಳಿಯ ಸುತ್ತ ಗಟ್ಟಿ ನಾರಿನ ಒಂದು ಅಂಚಿದೆ, ವೈದ್ಯರು ಅದನ್ನು ಲ್ಯಾಬ್ರಮ್ ಎನ್ನುತ್ತಾರೆ. ಕೀಲನ್ನು ಬಿಗಿಹಿಡಿಯುವ ಲಿಗಮೆಂಟುಗಳು ಬಂದು ಸೇರುವುದು ಇದಕ್ಕೇ. ಭುಜ ಮುಂದೆ ಜಾರುವಾಗ ಈ ಅಂಚು ಎಲುಬಿನಿಂದ ಕಿತ್ತು ಬರುತ್ತದೆ. ಇಂಗ್ಲೆಂಡಿನ ಬ್ಯಾಂಕಾರ್ಟ್ 1923ರಲ್ಲಿ ಇದನ್ನು ವಿವರಿಸಿದ, ಗಾಯಕ್ಕೆ ಅವನ ಹೆಸರೇ ನಿಂತಿತು. ಜರ್ಮನಿಯ ಪರ್ಥೆಸ್ 1906ರಲ್ಲೇ ಹೇಳಿದ್ದ, ಪಾಪ.

ಈಗ ಕೂರಿಸುವ ಕಾರ್ಯಕ್ರಮ. ಆಸ್ಪತ್ರೆಗೆ ಹೋಗಬೇಡಿ, ಉಳುಕು ತಿಕ್ಕುವವರನ್ನೇ ಕರೆಸಿ. ಎಲುಬು ಮುರಿದಿದೆಯೇ ಎಂದು ಎಕ್ಸ್‌ರೇ ನೋಡಬಾರದು, ಮುಂಗೈಯ ನಾಡಿ ಮುಟ್ಟಬಾರದು, ಭುಜದ ಹೊರಮೈ ಮರಗಟ್ಟಿದೆಯೇ ಎಂದಂತೂ ಕೇಳಲೇಬಾರದು. ಅಲ್ಲಿ ಜೋಮು ಹಿಡಿದಿದ್ದರೆ ನರಕ್ಕೆ ಪೆಟ್ಟಾಗಿದೆ ಎಂದು ಗೊತ್ತಾಗಿ ಮಜಾ ಕೆಡುತ್ತದೆ. ಒಬ್ಬರು ಎದೆ ಹಿಡಿಯಲಿ, ಒಬ್ಬರು ಕೈ ಜಗ್ಗಲಿ. ‘ಟಕ್’ ಎಂದೊಡನೆ ಹಿರಿಯರೊಬ್ಬರು ಘೋಷಿಸಬೇಕು: “ಕುಂತ್ ನೋಡೋ ತಮ್ಮಾ! ಇನ್ನೇನ್ ಆಗೂದಿಲ್ಲ, ನಡಿ.”

ಇಡೀ ಕೈಪಿಡಿ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಎಲುಬು ಕುಂತಿದ್ದು ನಿಜ, ಹರಿದ ಅಂಚು ಹರಿದೇ ಇದೆ. ಕಣ್ಣಿಗೆ ಕಾಣುವುದು ಸರಿಯಾಯಿತು, ಕಾಣದ್ದನ್ನು ಕೇಳುವವರಿಲ್ಲ. ಮುಂದಿನ ಸಲ ಕಬಡ್ಡಿಯೇ ಬೇಕೆಂದಿಲ್ಲ, ಬಸ್ಸಿನ ಮೇಲಿನ ಸರಳು ಹಿಡಿದಾಗ, ಅಂಗಿ ತೊಡುವಾಗ, ತಲೆಯಡಿ ಕೈಯಿಟ್ಟು ಮಲಗಿದಾಗಲೂ ಜಾರೀತು.

ಎಚ್ಚರಿಕೆ: ಬೆಳಗಾವಿಗೋ ಮಿರಜಕ್ಕೋ ಹೋದರೆ ಎಲುಬು-ಕೀಲಿನ ವೈದ್ಯರು ಗುಟ್ಟು ಹಿಡಿಯುವ ಅಪಾಯವಿದೆ. ಹುಡುಗನನ್ನು ಅಂಗಾತ ಮಲಗಿಸುತ್ತಾರೆ. ತೋಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ, ಅಂಗೈಯನ್ನು ನಿಧಾನವಾಗಿ ತಲೆಯ ಕಡೆಗೆ ತಿರುಗಿಸುತ್ತಾರೆ. ಅವರ ಕಣ್ಣಿರುವುದು ಭುಜದ ಮೇಲಲ್ಲ, ಹುಡುಗನ ಮುಖದ ಮೇಲೆ. ಹುಬ್ಬು ಗಂಟಾಗುತ್ತದೆ, ಇನ್ನೊಂದು ಕೈ ಧಾವಿಸಿ ವೈದ್ಯರ ಮಣಿಕಟ್ಟು ಹಿಡಿಯುತ್ತದೆ: “ಬ್ಯಾಡ್ರಿ ಸರ್, ಇಳೀತೈತಿ!” ನೋವಲ್ಲ, ಇಳಿದೀತೆಂಬ ಅಂಜಿಕೆ, ಅವರಿಗೆ ಬೇಕಾದದ್ದು ಅದೇ. ಬಳಿಕ ಭುಜವನ್ನು ಮುಂದಿನಿಂದ ಅಂಗೈಯಲ್ಲಿ ಒತ್ತಿ ಹಿಡಿದು ಮತ್ತೆ ತಿರುಗಿಸುತ್ತಾರೆ. ಈ ಸಲ ಹುಡುಗ ಸುಮ್ಮನಿರುತ್ತಾನೆ. ಯಾವ ಯಂತ್ರವೂ ಇಲ್ಲದೆ ರೋಗ ಅರ್ಧ ಪತ್ತೆಯಾಯಿತು. ಹರಿದ ಜಾಗ ನೋಡಲು ಎಂಆರ್‌ಐ, ಎಲುಬು ಎಷ್ಟು ಸವೆದಿದೆ ಎಂದು ಅಳೆಯಲು ಸಿಟಿ ಸ್ಕ್ಯಾನ್ ಬರುತ್ತವೆ.

ಆದ್ದರಿಂದ ಆದಷ್ಟು ತಡಮಾಡಿ. ಪ್ರತಿ ಸಲ ಇಳಿದಾಗಲೂ ಕುಳಿಯ ಮುಂದಿನ ಅಂಚು ಸವೆಯುತ್ತದೆ, ಗುಂಡಿನ ಹಿಂಭಾಗದಲ್ಲಿ ತಗ್ಗು ಬೀಳುತ್ತದೆ. 1940ರಲ್ಲಿ ಹಿಲ್ ಮತ್ತು ಸ್ಯಾಕ್ಸ್ ಎಕ್ಸ್‌ರೇಯಲ್ಲಿ ಗುರುತಿಸಿದ್ದು ಈ ತಗ್ಗನ್ನೇ. ಬೇಗ ಹೋದವರಿಗೆ ದೂರ್ಬೀನಿನ ಆಪರೇಷನ್ ಸಾಕಾದೀತು: ಸಣ್ಣ ತೂತುಗಳಲ್ಲಿ ಕೊಳವೆ ಇಳಿಸಿ, ಎಲುಬಿಗೆ ಪುಟ್ಟ ಗೂಟ ಬಡಿದು, ಅದರ ದಾರದಿಂದ ಅಂಚನ್ನು ಮತ್ತೆ ಕಟ್ಟುವುದು. ಕೆಲವರಿಗೆ ಜೋಳಿಗೆ ಮತ್ತು ವ್ಯಾಯಾಮವಷ್ಟೇ ಸಾಕು. ಕುಳಿಯ ಕಾಲುಭಾಗದಷ್ಟು ಸವೆದ ಮೇಲೆ ಹೋದರೆ ಕಟ್ಟಲು ಅಂಚಿನ ಎಲುಬೇ ಸಾಲದು. ಆಗ ಫ್ರಾನ್ಸಿನ ಲಾತಾರ್ಜೆ 1954ರಲ್ಲಿ ಹೇಳಿದ ವಿಧಾನ: ಭುಜದ ಮುಂದಿನ ಕೊಕ್ಕಿನಂಥ ಎಲುಬನ್ನು ಕತ್ತರಿಸಿ ತಂದು ಕುಳಿಯ ಅಂಚಿಗೆ ಸ್ಕ್ರೂ ಹಾಕುವುದು. ದೊಡ್ಡ ಕೆಲಸ, ದೊಡ್ಡ ಮಾತು; ಊರಲ್ಲಿ ಹೇಳಿಕೊಳ್ಳಲು ಭಾರಿ ಚೆಂದ.

ಆಪರೇಷನ್ ಆಗಿಯೇ ಹೋಯಿತೇ? ಇನ್ನೂ ಕೆಡಿಸಲು ಅವಕಾಶವಿದೆ. ಹೊರಗೆ ಕಾಣುವುದು ಸಣ್ಣ ತೂತಿನ ಗುರುತು, ಕೆಲವು ವಾರದಲ್ಲಿ ನೋವೂ ತಗ್ಗುತ್ತದೆ. ಕಟ್ಟಿದ ಅಂಚು ಎಲುಬಿಗೆ ಗಟ್ಟಿಯಾಗಿ ಹತ್ತಿಕೊಳ್ಳಲು ತಿಂಗಳುಗಳೇ ಬೇಕು. ಕುಸ್ತಿ, ಕಬಡ್ಡಿಗೆ ಸುಮಾರು ಆರು ತಿಂಗಳು ಕಾಯಿಸುತ್ತಾರೆ. ಈ ನಡುವೆ ಜೋಳಿಗೆ ಬಿಚ್ಚಿ ಮೊಳೆಗೆ ತೂಗುಹಾಕಿ, ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಪಟ್ಟಿಯನ್ನು ಬೈಕಿನ ಹಿಂದೆ ಗಂಟು ಬಿಗಿಯಲು ಬಳಸಿ. ಕಾರ್ಖಾನೆ ಸೀಸನ್ ಶುರುವಾಗಿ ಕಾಕಾ ಬಾಗಿಲಿಗೆ ಬಂದು, “ಒಂದ ಟ್ರೇಲರ್ ಐತಿ, ಆ ಕೈ ಬಿಟ್ಟ ಈ ಕೈಲೇ ಏರಸು ಬಾ,” ಎಂದರೆ ತಡಮಾಡದೆ ಎದ್ದು ಹೋಗಿ.